ಲೀಫ್ಸ್ ಕಪ್ ಗೆಲ್ಲದ್ದಕ್ಕೆ ಕ್ಯಾಪ್ ಕಾರಣವಾ, ಮಾಲೀಕರಾ?

ಸ್ಕಾರ್ಬರೋ_ಶಿವಮೊಗ್ಗ

ಐಸ್ ಹಾಕಿಯ ಎನ್‌ಎಚ್‌ಎಲ್ ಲೀಗ್‌ನಲ್ಲಿ ನಮ್ಮ ಟೊರಾಂಟೊ ಮೇಪಲ್ ಲೀಫ್ಸ್ ಬಿಟ್ಟು ಮಿಚ್ ಮಾರ್ನರ್ ವೇಗಸ್‌ಗೆ ಹೋದಾಗಿನಿಂದ ಟೊರಾಂಟೊ ಕನ್ನಡದವರಲ್ಲಿ ಒಂದೇ ರಾಗ. ಹುಡುಗ ದುಡ್ಡಿಗೆ ಆಸೆಪಟ್ಟ, ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ತುಂಬಿಹೋಯ್ತು, ಅದಕ್ಕೇ ಕಪ್ ಬರಲಿಲ್ಲ ಅಂತ. ನನಗೆ ಒಪ್ಪಿಗೆ ಇಲ್ಲ.

ಲೀಫ್ಸ್ ಕೊನೆಯ ಸಲ ಲೀಗ್‌ನ ಸ್ಟ್ಯಾನ್ಲಿ ಕಪ್ ಎತ್ತಿದ್ದು 1967ರಲ್ಲಿ. ಸ್ಯಾಲರಿ ಕ್ಯಾಪ್ ಬಂದಿದ್ದು 2005ರಲ್ಲಿ. ನಡುವಿನ 37 ಸೀಸನ್‌ಗಳಲ್ಲಿ ಖರ್ಚಿಗೆ ಯಾವ ಮಿತಿಯೂ ಇರಲಿಲ್ಲ. ಆಗಲೂ ಗೆಲ್ಲಲಿಲ್ಲ. ಆಗ ಜನ ಬೈಯುತ್ತಿದ್ದದ್ದು ಮಾಲೀಕ ಹೆರಾಲ್ಡ್ ಬಲಾರ್ಡ್ ಅವರನ್ನು. 1972ರಿಂದ 1990ರಲ್ಲಿ ಸಾಯುವ ತನಕ ತಂಡ ಅವರ ಮುಷ್ಟಿಯಲ್ಲಿತ್ತು, ಆ ಮುಷ್ಟಿ ಬಹಳ ಬಿಗಿ. ವಂಚನೆ ಕೇಸಿನಲ್ಲಿ ಜೈಲಿಗೂ ಹೋಗಿ ಬಂದರು. ಆದರೂ ನಮ್ಮ ಅರೆನಾ ಮೇಪಲ್ ಲೀಫ್ ಗಾರ್ಡನ್ಸ್ ತುಂಬುತ್ತಿತ್ತು. ರೋಗ ಅಲ್ಲೇ ಶುರುವಾಯ್ತು. ಸೋತರೂ ಟಿಕೆಟ್ ಖರ್ಚಾಗುತ್ತೆ ಅಂದಮೇಲೆ ಗೆಲ್ಲೋಕೆ ಯಾಕೆ ಒದ್ದಾಡಬೇಕು?

ಆಮೇಲೆ ಒಂಟಾರಿಯೊ ಶಿಕ್ಷಕರ ಪಿಂಚಣಿ ನಿಧಿಯವರು ಬಂದರು. 2012ರಲ್ಲಿ ಅವರು ಮಾರಿದ್ದು ರಾಜರ್ಸ್ ಮತ್ತು ಬೆಲ್‌ಗೆ, ಅಂದರೆ ಎರಡು ಫೋನ್ ಕಂಪನಿಗಳಿಗೆ. 2025ರ ಜುಲೈ 1ಕ್ಕೆ ರಾಜರ್ಸ್ 4.7 ಬಿಲಿಯನ್ ಕೆನಡಾ ಡಾಲರ್ ಕೊಟ್ಟು ಬೆಲ್‌ನ 37.5% ಪಾಲನ್ನೂ ತೆಗೆದುಕೊಂಡಿತು. ಅಲ್ಲಿಗೆ 75% ಅವರದ್ದಾಯ್ತು. 2026-27ರಿಂದ 12 ವರ್ಷದ ಕೆನಡಾ ಪ್ರಸಾರ ಹಕ್ಕಿಗೆ 11 ಬಿಲಿಯನ್ ಕೊಡುತ್ತಿರುವವರೂ ಇವರೇ. ಆಟವೂ ಅವರದ್ದು, ತೋರಿಸುವ ಚಾನೆಲ್ಲೂ ಅವರದ್ದು, ನೀವು ನೋಡುವ ಇಂಟರ್ನೆಟ್ಟೂ ಅವರದ್ದು. ಪ್ರತಿ ವರ್ಷ ಪ್ಲೇಆಫ್ ತಲುಪಿದರೆ ಅವರ ಲೆಕ್ಕ ಸರಿಹೋಗುತ್ತೆ. ಕಪ್ ಸಿಕ್ಕರೆ ಬೋನಸ್.

ಕ್ಯಾಪ್ ಬರೀ ನೆಪ ಅಂತ ನನ್ನ ವಾದ. ಬನ್ನಿ, ಜಗಳಕ್ಕೆ ನಾನು ರೆಡಿ.

ಲೆಕ್ಕದ_ಪುಸ್ತಕ

ಬಲಾರ್ಡ್ ಕಥೆ ಸರಿ ಸರ್. ಆದರೆ ಅದನ್ನು ತಂದು 2019ಕ್ಕೆ ಅಂಟಿಸಬೇಡಿ.

ಅಂಕಿ ನೋಡಿ. 2018ರ ಜುಲೈನಲ್ಲಿ ಟವಾರೆಸ್‌ಗೆ ವರ್ಷಕ್ಕೆ 11 ಮಿಲಿಯನ್ ಅಮೆರಿಕನ್ ಡಾಲರ್. ಡಿಸೆಂಬರ್‌ನಲ್ಲಿ ನೀಲ್ಯಾಂಡರ್‌ಗೆ ಸುಮಾರು 7. ಮುಂದಿನ ಫೆಬ್ರವರಿಯಲ್ಲಿ ಮ್ಯಾಥ್ಯೂಸ್‌ಗೆ 11.6. ಸೆಪ್ಟೆಂಬರ್‌ನಲ್ಲಿ ಮಾರ್ನರ್‌ಗೆ 10.9. ನಾಲ್ಕು ಜನಕ್ಕೇ 40 ಮಿಲಿಯನ್ ದಾಟಿತು. 2019-20ರ ಕ್ಯಾಪ್ 81.5 ಮಿಲಿಯನ್. ಅರ್ಧ ಅಲ್ಲೇ ಹೋಯ್ತು, ಉಳಿದ ಹತ್ತೊಂಬತ್ತು ಜನಕ್ಕೆ ಇನ್ನರ್ಧ.

ಹುಚ್ಚುತನ ಅನ್ನಿಸುತ್ತೆ ಅಲ್ವಾ? ಆದರೆ ಆಗ ಎಲ್ಲರ ಅಂದಾಜು ಕ್ಯಾಪ್ ವರ್ಷ ವರ್ಷ ಏರುತ್ತೆ ಅಂತಲೇ ಇತ್ತು. ಈ 40 ಮಿಲಿಯನ್ ಮೂರ್ನಾಲ್ಕು ವರ್ಷದಲ್ಲಿ ಹಗುರವಾಗಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು. ಕ್ಯಾಪ್ ಮೂರು ಸೀಸನ್ 81.5ರಲ್ಲೇ ನಿಂತಿತು. ಆಮೇಲೆ 82.5, ಆಮೇಲೆ 83.5. ಲೀಗ್‌ನಲ್ಲಿ ಈ ಏಟು ಜಾಸ್ತಿ ಬಿದ್ದದ್ದು ದೊಡ್ಡ ಒಪ್ಪಂದ ಆಗತಾನೇ ಸಹಿ ಮಾಡಿದ್ದ ತಂಡಗಳಿಗೆ. ಅದರಲ್ಲಿ ಮೊದಲ ಹೆಸರು ನಮ್ಮದೇ. ಮಾಲೀಕರು ದುಡ್ಡು ಬಿಚ್ಚಲಿಲ್ಲ ಅನ್ನೋಕೆ ಆಗಲ್ಲ. ಪ್ರತಿ ವರ್ಷ ಮಿತಿಯ ತುತ್ತತುದಿಯ ತನಕ ಖರ್ಚು ಮಾಡಿದ್ದಾರೆ.

ಪೊನ್ನಂಪೇಟೆ_ಸ್ಟಿಕ್

ನಾನು ಹುಲ್ಲಿನ ಮೇಲೆ, ಈಗ ಟರ್ಫ್ ಮೇಲೆ, ಹಾಕಿ ಆಡಿದವನು. ಐಸ್ ಹಾಕಿಯನ್ನು ತಮ್ಮನ ಮನೆಯಲ್ಲಿ ಟಿವಿಯಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡೆ. ಒಂದು ದಡ್ಡ ಪ್ರಶ್ನೆ. ಮಾಲೀಕನ ಹತ್ತಿರ ದುಡ್ಡಿದೆ, ಕೊಡೋಕೆ ಮನಸ್ಸೂ ಇದೆ. ಮಿತಿ ದಾಟಿ ಕೊಟ್ಟರೆ ದಂಡ ಕಟ್ಟಿ ಬಿಡಬಹುದಲ್ವಾ? ಈ ಮಿತಿಯಿಂದ ಯಾರಿಗೆ ಲಾಭ?

ಲೆಕ್ಕದ_ಪುಸ್ತಕ

ದಡ್ಡ ಪ್ರಶ್ನೆ ಏನಲ್ಲ. ಇಲ್ಲಿರುವುದು ಹಾರ್ಡ್ ಕ್ಯಾಪ್. ದಂಡ ಕಟ್ಟಿ ದಾಟುವ ದಾರಿಯೇ ಇಲ್ಲ.

ಹಿನ್ನೆಲೆ ಹೇಳುತ್ತೇನೆ. 2004-05ರಲ್ಲಿ ಮಾಲೀಕರು ಬಾಗಿಲು ಹಾಕಿದರು (ಲಾಕೌಟ್), ಇಡೀ ಸೀಸನ್ ರದ್ದಾಯ್ತು. ಕಪ್ಪನ್ನು ಯಾರಿಗೂ ಕೊಡಲಿಲ್ಲ. ಕೊನೆಗೆ ಆಟಗಾರರು ಮಣಿದರು. ಇದ್ದ ಸಂಬಳ 24% ಕಡಿತ, ಜೊತೆಗೆ ಕ್ಯಾಪ್. ಮೊದಲ ವರ್ಷ 39 ಮಿಲಿಯನ್. 2012ರಲ್ಲಿ ಮತ್ತೆ ಬಾಗಿಲು ಹಾಕಿದರು, ಸೀಸನ್ 48 ಪಂದ್ಯಕ್ಕೆ ಇಳಿಯಿತು. ಅಲ್ಲಿಂದ ಲೀಗ್ ಆದಾಯದಲ್ಲಿ ಆಟಗಾರರಿಗೆ ಅರ್ಧ, ಮಾಲೀಕರಿಗೆ ಅರ್ಧ. ಕ್ಯಾಪ್ ಅನ್ನೋದು ಆ ಅರ್ಧವನ್ನು ತಂಡಗಳಿಗೆ ಹಂಚುವ ಲೆಕ್ಕ ಅಷ್ಟೆ.

ಇದರಲ್ಲೊಂದು ಸೂಕ್ಷ್ಮ ಇದೆ. ಸೀಸನ್ ಮುಗಿಯುವ ತನಕ ನಿಜವಾದ ಆದಾಯ ಗೊತ್ತಾಗಲ್ಲ. ಅದಕ್ಕೇ ಆಟಗಾರರ ಪ್ರತಿ ಚೆಕ್‌ನಿಂದ ಒಂದು ಪಾಲು ಹಿಡಿದಿಡುತ್ತಾರೆ, ಇದೇ ಎಸ್ಕ್ರೋ. ಬೆಂಗಳೂರಿನ ಬಾಡಿಗೆ ಮನೆ ಅಡ್ವಾನ್ಸ್ ಇದ್ದ ಹಾಗೆ ಅಂದುಕೊಳ್ಳಿ. ಎಲ್ಲ ಸರಿಯಿದ್ದರೆ ವಾಪಸ್ ಬರಬೇಕು, ಆದರೆ ಸುಣ್ಣ ಬಣ್ಣ ಅಂತ ಅಷ್ಟಿಷ್ಟು ಹೋಗೇ ಹೋಗುತ್ತೆ. ಕೋವಿಡ್ ವರ್ಷಗಳಲ್ಲಿ ಗ್ಯಾಲರಿ ಖಾಲಿ, ಆದಾಯ ಬಿತ್ತು, ಸಂಬಳ ಮಾತ್ರ ಒಪ್ಪಂದದ ಪ್ರಕಾರ ಇತ್ತು. ಹಾಗಾಗಿ ಆಟಗಾರರ ಪಾಲು ಅರ್ಧ ಮೀರಿ, ಮಾಲೀಕರಿಗೆ ಬಿಲಿಯನ್ ಡಾಲರ್ ಲೆಕ್ಕದಲ್ಲಿ ಸಾಲಗಾರರಾದರು. ಆ ಸಾಲ ತೀರುವ ತನಕ ಕ್ಯಾಪ್ ಇಂಚಿಂಚೇ ಏರಿದ್ದು. ತೀರಿದ ಮೇಲೆ ನೋಡಿ: 2024-25ಕ್ಕೆ 88, 2025-26ಕ್ಕೆ 95.5, 2026-27ಕ್ಕೆ 104, 2027-28ಕ್ಕೆ 113.5.

ಯಾರಿಗೆ ಲಾಭ ಅಂದ್ರಲ್ಲ. ಎಲ್ಲ ಮಾಲೀಕರಿಗೂ ಲಾಭ. ಖರ್ಚಿಗೆ ಮಿತಿ ಇದೆ ಅಂದರೆ ತಂಡದ ಬೆಲೆ ತಾನಾಗೇ ಏರುತ್ತೆ. ಲೀಫ್ಸ್‌ಗೆ ಫೋರ್ಬ್ಸ್ 2024ರಲ್ಲಿ ಕಟ್ಟಿದ ಬೆಲೆ 3.8 ಬಿಲಿಯನ್ ಅಮೆರಿಕನ್ ಡಾಲರ್, ಲೀಗ್‌ಗೇ ಹೆಚ್ಚು.

ಸ್ಕಾರ್ಬರೋ_ಶಿವಮೊಗ್ಗ

ನೋಡಿ, ನನ್ನ ವಾದವನ್ನು ನೀವೇ ಹೇಳಿಬಿಟ್ರಿ. ಗೆದ್ದರೂ ಸೋತರೂ ಬೆಲೆ ಏರುತ್ತೆ.

ವಿನಿಪೆಗ್_ಚಳಿ

ಟೊರಾಂಟೊದವರ ಕಷ್ಟ ಕೇಳಿ ಅಳು ಬಂತು. ನಿಜವಾಗಲೂ.

ಸ್ವಾಮಿ, ಕ್ಯಾಪ್ ಇಲ್ಲದಿದ್ದರೆ ನಮ್ಮೂರಲ್ಲಿ ತಂಡವೇ ಇರುತ್ತಿರಲಿಲ್ಲ. 1996ರಲ್ಲಿ ನಮ್ಮ ತಂಡ ಜೆಟ್ಸ್ ಗಂಟುಮೂಟೆ ಕಟ್ಟಿ ಫೀನಿಕ್ಸ್‌ಗೆ ಹೋಯ್ತು. ಅದಕ್ಕೂ ಒಂದು ವರ್ಷ ಮೊದಲು ಕ್ವಿಬೆಕ್ ನಾರ್ಡಿಕ್ಸ್ ಕೊಲರಾಡೋಗೆ ಹೋಗಿ, ಹೋದ ಮೊದಲ ವರ್ಷವೇ ಕಪ್ ಗೆದ್ದಿತು. ಕ್ವಿಬೆಕ್ ಜನಕ್ಕೆ ಹೇಗನ್ನಿಸಿರಬೇಕು ಯೋಚಿಸಿ. ಟಿಕೆಟ್ ದುಡ್ಡು ಬರೋದು ಕೆನಡಾ ಡಾಲರ್‌ನಲ್ಲಿ, ಸಂಬಳ ಕೊಡೋದು ಅಮೆರಿಕನ್ ಡಾಲರ್‌ನಲ್ಲಿ. ನಮ್ಮ ಡಾಲರ್ ಇಳಿದಾಗಲೆಲ್ಲ ಸುಮ್ನೆ ಕೂತಲ್ಲೇ ಸಂಬಳ ಖರ್ಚು ಏರುತ್ತೆ. ಇದು ಏಳೂ ಕೆನಡಾ ತಂಡಗಳ ಕಥೆ, ಆದರೆ ಟೊರಾಂಟೊ ತಡೆದುಕೊಳ್ಳುತ್ತೆ, ನಾವು ತಡೆಯಲ್ಲ.

2011ರಲ್ಲಿ ಅಟ್ಲಾಂಟಾ ತಂಡ ಇಲ್ಲಿಗೆ ಬಂತು. ನಮ್ಮ ಅರೆನಾ ಲೀಗ್‌ನ ಚಿಕ್ಕ ಅರೆನಾಗಳಲ್ಲಿ ಒಂದು, ಸುಮಾರು 15,000 ಸೀಟು. ಕೋವಿಡ್ ಆದಮೇಲೆ ಸೀಸನ್ ಟಿಕೆಟ್ 10,000ಕ್ಕಿಂತ ಕೆಳಗೆ ಬಂದಾಗ ಮಾಲೀಕ ಮಾರ್ಕ್ ಚಿಪ್‌ಮನ್ ಅವರೇ ಹೀಗೇ ಹೋದರೆ ನಡೆಯಲ್ಲ ಅಂದರು. ಇಲ್ಲಿ ಎಲ್ಲರ ಎದೆ ಧಸಕ್ ಅಂತು. ಅವರ ಜೊತೆ ಪಾಲುದಾರರು ಯಾರು ಗೊತ್ತಾ? ಡೇವಿಡ್ ಥಾಮ್ಸನ್, ಕೆನಡಾದ ಅತಿ ಶ್ರೀಮಂತ ಕುಟುಂಬ. ಅಷ್ಟು ದುಡ್ಡಿರುವವರೂ ಕೈಯಿಂದ ಹಾಕಿ ತಂಡ ನಡೆಸಲ್ಲ. ಮಾಲೀಕ ಎಷ್ಟು ಶ್ರೀಮಂತ ಅನ್ನೋದು ದೊಡ್ಡ ವಿಷಯ ಅಲ್ಲವೇ ಅಲ್ಲ.

ಅಂಥ ನಾವು 2024-25ರ ರೆಗ್ಯುಲರ್ ಸೀಸನ್‌ನಲ್ಲಿ ಇಡೀ ಲೀಗ್‌ಗೆ ಮೊದಲು. ನಮ್ಮ ಆಟಗಾರರು ಹೆಲಬಕ್ ಮತ್ತು ಶೈಫಲಿ ಇಬ್ಬರೂ ಒಂದೇ ದಿನ 7 ವರ್ಷಕ್ಕೆ ತಲಾ 8.5 ಮಿಲಿಯನ್‌ಗೆ ಸಹಿ ಹಾಕಿದರು. ಮುಕ್ತ ಮಾರುಕಟ್ಟೆಗೆ ಬಂದಿದ್ದರೆ ಟೊರಾಂಟೊ, ನ್ಯೂಯಾರ್ಕ್ ಎಷ್ಟು ಕೊಡುತ್ತಿದ್ದವೋ. ಕ್ಯಾಪ್ ಇದ್ದುದಕ್ಕೇ ಉಳಿದರು.

ಸುಮ್ನೆ_ಓದುವವ

ಮೊದಲು ಅಂತೀರಿ, ಕಪ್ ಎಲ್ಲಿ?

ವಿನಿಪೆಗ್_ಚಳಿ

ಅದನ್ನು ಕೇಳಬಾರದು.

ಡಲ್ಲಾಸ್_ದಾವಣಗೆರೆ

ಯಾರೂ ಟ್ಯಾಕ್ಸ್ ವಿಷಯ ಎತ್ತಿಲ್ಲವಲ್ಲ! 2020ರಿಂದ 2025ರ ತನಕ ಕಪ್ ಗೆದ್ದವರ ಪಟ್ಟಿ ನೋಡಿ. ಟ್ಯಾಂಪಾ ಎರಡು ಸಲ, ಕೊಲರಾಡೋ, ವೇಗಸ್, ಫ್ಲೋರಿಡಾ ಎರಡು ಸಲ. ಆರರಲ್ಲಿ ಐದು ರಾಜ್ಯ ಆದಾಯ ತೆರಿಗೆ ಇಲ್ಲದ ಕಡೆ. ನಮ್ಮ ಟೆಕ್ಸಸ್‌ನಲ್ಲೂ ಇಲ್ಲ. ರಾಂಟನನ್ ನಮ್ಮಲ್ಲಿ 8 ವರ್ಷಕ್ಕೆ ತಲಾ 12 ಮಿಲಿಯನ್‌ಗೆ ಒಪ್ಪಿದ. ಮಾರ್ನರ್ ವೇಗಸ್‌ನಲ್ಲೂ ಅದೇ 8 ವರ್ಷ, ಅದೇ 12. ಒಂಟಾರಿಯೊದಲ್ಲಿ ಮೇಲಿನ ಹಂತದ ತೆರಿಗೆ 53.53%. ಟೊರಾಂಟೊದಲ್ಲಿ ಅದೇ ಹಣ ಕೈಗೆ ಬರಬೇಕಾದರೆ ಒಪ್ಪಂದದಲ್ಲಿ ಎಷ್ಟು ಬರೆಯಬೇಕು? ಕ್ಯಾಪ್ ಮಾತ್ರ ಎಲ್ಲರಿಗೂ ಒಂದೇ. ಇದು ಸಮಾನ ಮೈದಾನ ಅಲ್ಲ, ನಮಗೆ ಅನುಕೂಲ ಇದೆ ಅಂತ ನಾವೇ ಒಪ್ಪಿಕೊಳ್ಳುತ್ತೇವೆ.

(ನಮ್ಮ ಮಾಲೀಕರು ಟಾಮ್ ಗಗ್ಲಾರ್ಡಿ ವ್ಯಾಂಕೂವರ್‌ನವರು. ಅವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು!)

ಲೆಕ್ಕದ_ಪುಸ್ತಕ

ಅಷ್ಟು ಸರಳ ಅಲ್ಲ. ಬೇರೆ ರಾಜ್ಯದಲ್ಲಿ ಆಡಿದ ದಿನಗಳಿಗೆ ಅಲ್ಲಿನ ತೆರಿಗೆ ಕಟ್ಟಲೇಬೇಕು, ಅಂದರೆ ಫ್ಲೋರಿಡಾದವನಿಗೂ ಅರ್ಧ ಪಂದ್ಯ ಹೊರಗೆ. ಇನ್ನೊಂದು, ಕೆನಡಾ ತಂಡಗಳು ಸಂಬಳದ ದೊಡ್ಡ ಪಾಲನ್ನು ಸೈನಿಂಗ್ ಬೋನಸ್ ಅಂತ ಕೊಡುತ್ತವೆ. ಅಮೆರಿಕದಲ್ಲಿ ವಾಸ ಇದ್ದವರಿಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಅದಕ್ಕೆ ಕೆನಡಾದಲ್ಲಿ 15% ಮಾತ್ರ. ಟವಾರೆಸ್ ಒಪ್ಪಂದದಲ್ಲಿ ಬಹುಪಾಲು ಬೋನಸ್ಸೇ. ಅದರ ಮೇಲೆ ಕೆನಡಾ ಕಂದಾಯ ಇಲಾಖೆ ತಕರಾರು ತೆಗೆದು, ವಿಷಯ ಕೋರ್ಟಿಗೂ ಹೋಗಿದೆ.

ಇಲ್ಲಿ ಮಾತ್ರ ಸ್ಕಾರ್ಬರೋ ಸರ್ ಒಂದು ಮಾತು ಗಮನಿಸಬೇಕು. ಬೋನಸ್ ಅಂದರೆ ಜುಲೈ 1ಕ್ಕೆ ಒಂದೇ ಏಟಿಗೆ ದೊಡ್ಡ ಚೆಕ್. ಅಷ್ಟು ನಗದು ಕೈಯಲ್ಲಿರುವ ಮಾಲೀಕರು ಕಡಿಮೆ. ಕ್ಯಾಪ್ ಸಮ ಇದ್ದರೂ ಶ್ರೀಮಂತ ಮಾಲೀಕನಿಗೆ ಈ ಹಿಂಬಾಗಿಲು ಇತ್ತು, ಲೀಫ್ಸ್ ಮಾಲೀಕ ಕಂಪನಿ ಎಂಎಲ್‌ಎಸ್‌ಇ ಅದನ್ನು ಚೆನ್ನಾಗಿ ಬಳಸಿಕೊಂಡಿತು.

ಕ್ಯಾಲ್ಗರಿ_ಕಾಪಿಪುಡಿ

ಡಲ್ಲಾಸ್ ಅಣ್ಣಾ, ಫ್ಲೋರಿಡಾದಲ್ಲಿ ಟ್ಯಾಕ್ಸ್ ಇಲ್ಲದ್ದು ಇವತ್ತು ನಿನ್ನೆಯದಲ್ಲ. ಅಲ್ಲಿನ ಪ್ಯಾಂಥರ್ಸ್ ತಂಡ 1996ರಲ್ಲಿ ಫೈನಲ್ ತನಕ ಹೋದವರು, ಅದಾದ ಮೇಲೆ ಒಂದೇ ಒಂದು ಪ್ಲೇಆಫ್ ಸರಣಿ ಗೆಲ್ಲೋಕೆ 2022ರ ತನಕ ಕಾದರು. ನಡುವೆ ಸತತ ಹತ್ತು ಸೀಸನ್ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಆಗೆಲ್ಲ ಟ್ಯಾಕ್ಸ್ ಎಲ್ಲಿಗೆ ಹೋಗಿತ್ತು? ಬಿಸಿಲೂ ಇತ್ತು, ಕಡಲೂ ಇತ್ತು, ಯಾರೂ ಬರುತ್ತಿರಲಿಲ್ಲ.

ಬದಲಾಗಿದ್ದು 2020ರಲ್ಲಿ ಬಿಲ್ ಜೀಟೊ ಜಿಎಂ (ತಂಡ ಕಟ್ಟುವ ಜನರಲ್ ಮ್ಯಾನೇಜರ್) ಆಗಿ ಬಂದ ಮೇಲೆ. ಫೋರ್ಸ್ಲಿಂಗ್‌ನನ್ನು ಕೆರೊಲೈನಾ ವೇವರ್ಸ್‌ಗೆ ಹಾಕಿದಾಗ (ಬೇಕಾದವರು ತಗೊಳ್ಳಿ ಅಂತ ಬಿಟ್ಟಾಗ) ಎತ್ತಿಕೊಂಡರು, ಅಂದರೆ ಪುಕ್ಕಟೆ. ಈಗ ಅವನು ಅವರ ಮುಖ್ಯ ಡಿಫೆನ್ಸ್‌ಮನ್. ವರ್ಹೇಗಿ ಟ್ಯಾಂಪಾ ಬಿಟ್ಟುಕೊಟ್ಟ ಹುಡುಗ. ಸ್ಯಾಮ್ ಬೆನೆಟ್‌ನನ್ನು ನಾವೇ, ಕ್ಯಾಲ್ಗರಿಯವರೇ, ಇವನಿಂದ ಏನೂ ಆಗಲ್ಲ ಅಂತ ಕಳಿಸಿದೆವು. 2025ರ ಪ್ಲೇಆಫ್‌ನಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೇ ಬಂತು.

ಆಮೇಲೆ ಕಚಕ್. ಈ ಹೆಸರು ಬರೆಯುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತೆ. 2022ರಲ್ಲಿ ಅವನು ಇಲ್ಲಿ ಇರಲ್ಲ ಅಂದ. ನಾವು ಅವನನ್ನು ಫ್ಲೋರಿಡಾಗೆ ಕೊಟ್ಟು, ಹ್ಯೂಬರ್ಡೊ, ವೀಗರ್ ಇಬ್ಬರನ್ನೂ ತಗೊಂಡು ಗೆದ್ದೆವು ಅಂದುಕೊಂಡೆವು. ಹ್ಯೂಬರ್ಡೊಗೆ ಇಲ್ಲಿ ಒಂದು ಪಂದ್ಯ ಆಡುವ ಮೊದಲೇ 8 ವರ್ಷ, 84 ಮಿಲಿಯನ್. ವರ್ಷಕ್ಕೆ 10.5. ಫ್ಲೋರಿಡಾ ಕಚಕ್‌ಗೆ ಕೊಟ್ಟಿದ್ದು 9.5. ನಮಗಿಂತ ಒಂದು ಮಿಲಿಯನ್ ಕಡಿಮೆ ಕೊಟ್ಟು ಅವರು ಎರಡು ಕಪ್ ಗೆದ್ದರು. ಟ್ಯಾಕ್ಸ್ ವ್ಯತ್ಯಾಸ ಒಂದಿಷ್ಟು ಇರಲಿ, ಬಾಕಿಯದ್ದು ತಲೆ.

ಸ್ಕಾರ್ಬರೋ_ಶಿವಮೊಗ್ಗ

ವರ್ಹೇಗಿ ಹೆಸರು ಎತ್ತಿ ಗಾಯಕ್ಕೆ ಉಪ್ಪು ಹಾಕಿದ್ರಿ ಮೇಡಂ. 2013ರಲ್ಲಿ ಅವನನ್ನು ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸೋದು) ಆರಿಸಿದ್ದೇ ಲೀಫ್ಸ್!

ನಾನು ಹೇಳುತ್ತಿರೋದೂ ಇದನ್ನೇ. ನಮ್ಮ ಪಟ್ಟಿ ಕೇಳಿ. 2017ರಲ್ಲಿ ಮಾರ್ಲೊಗೆ, 37 ವರ್ಷದವನಿಗೆ, ಮೂರು ವರ್ಷ ತಲಾ 6.25 ಮಿಲಿಯನ್. 35 ದಾಟಿದ ಮೇಲೆ ಸಹಿ ಮಾಡಿದ ಒಪ್ಪಂದ, ಅವನು ಆಟ ಬಿಟ್ಟರೂ ಕ್ಯಾಪ್‌ನಲ್ಲಿ ಉಳಿಯುತ್ತೆ. ಎರಡು ವರ್ಷ ಆದಮೇಲೆ ಅದನ್ನು ಕೆರೊಲೈನಾ ತಲೆಗೆ ಕಟ್ಟೋಕೆ ಡ್ರಾಫ್ಟ್‌ನ ನಮ್ಮ ಮೊದಲ ಸುತ್ತಿನ ಪಿಕ್ ಕೊಟ್ಟೆವು. ಆ ಪಿಕ್‌ನಲ್ಲಿ ಅವರು ತಗೊಂಡಿದ್ದು ಸೆತ್ ಜಾರ್ವಿಸ್‌ನನ್ನು. ಕದ್ರಿಯನ್ನು ಕೊಲರಾಡೋಗೆ ಕೊಟ್ಟೆವು, ಅವನು 2022ರಲ್ಲಿ ಕಪ್ ಎತ್ತಿದ. ಹೈಮನ್‌ಗೆ ಜಾಗ ಇಲ್ಲ ಅಂದೆವು. ಎಡ್ಮಂಟನ್ 5.5 ಮಿಲಿಯನ್ ಕೊಟ್ಟಿತು, 2023-24ರಲ್ಲಿ 54 ಗೋಲು ಹೊಡೆದ.

ನಾಲ್ಕು ದೊಡ್ಡ ಸಂಬಳ ತಪ್ಪಲ್ಲ. ಅದರ ಸುತ್ತ ಕಡಿಮೆ ದುಡ್ಡಿನ ಒಳ್ಳೆ ಆಟಗಾರರನ್ನು ಹುಡುಕೋಕೆ ಬರಲಿಲ್ಲ. ಹುಡುಕುವವರನ್ನು ನೇಮಿಸುವವರು ಯಾರು? ಮಾಲೀಕರು. ಕೋಚ್, ಸ್ಕೌಟ್, ವಿಶ್ಲೇಷಕರು, ಡಾಕ್ಟರು, ಇವರ್ಯಾರ ಸಂಬಳಕ್ಕೂ ಕ್ಯಾಪ್ ಇಲ್ಲ. ಕೋಚ್ ಬ್ಯಾಬ್ಕಾಕ್‌ಗೆ 8 ವರ್ಷಕ್ಕೆ 50 ಮಿಲಿಯನ್ ಅಂತ ಸಹಿ ಮಾಡಿ, ಅರ್ಧ ದಾರಿಯಲ್ಲಿ ಮನೆಗೆ ಕಳಿಸಿದೆವು. ದುಡ್ಡು ಚೆಲ್ಲೋದು ಗೊತ್ತು, ಎಲ್ಲಿ ಚೆಲ್ಲಬೇಕು ಗೊತ್ತಿಲ್ಲ.

ಲೆಕ್ಕದ_ಪುಸ್ತಕ

ಹೈಮನ್ ವಿಷಯದಲ್ಲಿ ಸ್ವಲ್ಪ ನ್ಯಾಯ ಇರಲಿ. ಅವನು ಹೋಗಿದ್ದು 2021ರಲ್ಲಿ, ಕ್ಯಾಪ್ ಅಲ್ಲಾಡದೆ ನಿಂತಿದ್ದ ಹೊತ್ತಿನಲ್ಲಿ. ಏರಿದ್ದಿದ್ದರೆ ಉಳಿಯುತ್ತಿದ್ದ. ಮಾರ್ಲೊ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಹಳೇ ಜಿಎಂ ಲ್ಯಾಮರೆಲೊ ಅವರ ಅವಧಿಯ ಉಡುಗೊರೆ.

ಆದರೆ ತಪ್ಪು ಮಾಡಿದ್ದು ನಾವೊಬ್ಬರೇ ಅನ್ನೋ ಹಾಗೆ ಮಾತಾಡಬೇಡಿ. ಮಿನೆಸೋಟ 2012ರ ಜುಲೈ 4ಕ್ಕೆ ಪರೀಸಿ, ಸೂಟರ್ ಇಬ್ಬರಿಗೂ ತಲಾ 13 ವರ್ಷ, 98 ಮಿಲಿಯನ್ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಸಂಬಳ ಜಾಸ್ತಿ ಆಯ್ತು ಅಂತ ಮಾಲೀಕರೆಲ್ಲ ಬಾಗಿಲು ಹಾಕಿದರು! 2021ರಲ್ಲಿ ಇಬ್ಬರನ್ನೂ ಬೈಔಟ್ ಮಾಡಬೇಕಾಯ್ತು, ಅಂದರೆ ದುಡ್ಡು ಕೊಟ್ಟು ಒಪ್ಪಂದ ಮುರಿಯಬೇಕಾಯ್ತು. 2023-24, 2024-25 ಎರಡೂ ಸೀಸನ್‌ನಲ್ಲಿ ತಂಡದಲ್ಲಿ ಇಲ್ಲದ ಇವರಿಬ್ಬರ ಹೆಸರಲ್ಲಿ 14.7 ಮಿಲಿಯನ್ ಕ್ಯಾಪ್ ಸತ್ತು ಬಿದ್ದಿತ್ತು. ಆದರೂ ಅವರು ಪ್ಲೇಆಫ್ ಹತ್ತಿರವೇ ಓಡಾಡಿಕೊಂಡಿದ್ದರು. 2025ರಲ್ಲಿ ಆ ಭಾರ ಇಳಿದ ತಕ್ಷಣ ಕಪ್ರೀಜೋವ್‌ಗೆ 8 ವರ್ಷ, 136 ಮಿಲಿಯನ್.

ಸುಮ್ನೆ_ಓದುವವ

ವರ್ಷಕ್ಕೆ 17 ಮಿಲಿಯನ್. ಎಡ್ಮಂಟನ್‌ನ ಮೆಕ್‌ಡೇವಿಡ್ 12.5ಕ್ಕೆ ಎರಡು ವರ್ಷ ಮುಂದುವರೆದ. ಯಾರು ಜಾಣರು ಹೇಳಿ.

ಡಲ್ಲಾಸ್_ದಾವಣಗೆರೆ

ಮೆಕ್‌ಡೇವಿಡ್ಡೇ ಜಾಣ. ಎರಡೇ ವರ್ಷ. ಉಳಿಸಿಕೊಟ್ಟ ದುಡ್ಡಲ್ಲಿ ಎಡ್ಮಂಟನ್ ತಂಡ ಕಟ್ಟಬೇಕು, ಕಟ್ಟದಿದ್ದರೆ ಬಾಗಿಲು ತೆರೆದೇ ಇದೆ. ಮ್ಯಾನೇಜ್‌ಮೆಂಟ್ ಕುತ್ತಿಗೆ ಮೇಲೆ ಕತ್ತಿ ಇಟ್ಟು ರಿಯಾಯಿತಿ ಕೊಟ್ಟಿದ್ದಾನೆ.

ವಿನಿಪೆಗ್_ಚಳಿ

ಎಡ್ಮಂಟನ್ ಮ್ಯಾನೇಜ್‌ಮೆಂಟ್‌ಗೆ ಕತ್ತಿ ಬೇಕು. 2024ರಲ್ಲಿ ಬ್ರೋಬರ್ಗ್, ಹಾಲೊವೇ ಇಬ್ಬರಿಗೂ ಸೇಂಟ್ ಲೂಯಿಸ್ ಒಂದೇ ದಿನ ಆಫರ್ ಶೀಟ್ ಕಳಿಸಿತು (ಹಳೇ ತಂಡ ಅಷ್ಟೇ ಸಂಬಳ ಕೊಡಬೇಕು, ಇಲ್ಲ ಆಟಗಾರನನ್ನು ಬಿಡಬೇಕು). ಕ್ಯಾಪ್ ತುಂಬಿದ್ದರಿಂದ ಸುಮ್ಮನೆ ನೋಡುತ್ತಾ ಇಬ್ಬರನ್ನೂ ಬಿಟ್ಟುಕೊಟ್ಟರು. ಇಬ್ಬರೂ ಅಲ್ಲಿ ಚೆನ್ನಾಗಿ ಆಡುತ್ತಿದ್ದಾರೆ.

ವಿಷಯ ಬದಲಿಸುತ್ತೇನೆ. ಎಲ್‌ಟಿಐಆರ್ (ದೀರ್ಘಕಾಲದ ಗಾಯಾಳು ಪಟ್ಟಿ, ಅದರಲ್ಲಿರುವವನ ಸಂಬಳದ ಲೆಕ್ಕದಲ್ಲಿ ಮಿತಿ ಮೀರಬಹುದು) ಆಟ ಯಾರೂ ಮಾತಾಡಲ್ವಾ? ಕ್ಯಾಪ್ ಹಾರ್ಡ್ ಅಂತೆ. 2021ರಲ್ಲಿ ಕುಚರೋವ್ ಇಡೀ ರೆಗ್ಯುಲರ್ ಸೀಸನ್ ಸೊಂಟದ ಆಪರೇಷನ್ ಅಂತ ಹೊರಗೆ, ಅವನ ಸಂಬಳದ ಜಾಗದಲ್ಲಿ ಟ್ಯಾಂಪಾ ಬೇರೆಯವರನ್ನು ತುಂಬಿಸಿತು. ಪ್ಲೇಆಫ್ ಮೊದಲ ಪಂದ್ಯಕ್ಕೆ ಸರಿಯಾಗಿ ಗುಣ ಆದ. 32 ಪಾಯಿಂಟ್, ಎಲ್ಲರಿಗಿಂತ ಹೆಚ್ಚು. ಕಪ್ ಗೆದ್ದ ಮೇಲೆ ಮಿತಿಗಿಂತ 18 ಮಿಲಿಯನ್ ಮೇಲೆ ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಮೆರವಣಿಗೆ! ವೇಗಸ್‌ನಲ್ಲಿ ಮಾರ್ಕ್ ಸ್ಟೋನ್ 2023, 2024 ಎರಡೂ ವರ್ಷ ಪ್ಲೇಆಫ್‌ಗೇ ವಾಪಸ್ ಬಂದ.

ಕ್ಯಾಲ್ಗರಿ_ಕಾಪಿಪುಡಿ

ಗಾಯ ಸುಳ್ಳು ಅಂತ ನಾನು ಹೇಳಲ್ಲ. ಆಪರೇಷನ್ ಆಗಿದ್ದು ನಿಜ. ನಿಯಮದಲ್ಲೇ ತೂತು ಇತ್ತು, ಪ್ಲೇಆಫ್‌ಗೆ ಕ್ಯಾಪ್ ಲೆಕ್ಕವೇ ಇರಲಿಲ್ಲ. 2025-26ರ ಸೀಸನ್‌ನಿಂದ ಮುಚ್ಚಿದ್ದಾರೆ. ಪ್ಲೇಆಫ್ ಪಂದ್ಯಕ್ಕೆ ಇಳಿಯುವ 20 ಜನರ ಸಂಬಳ ಮಿತಿಯೊಳಗೇ ಇರಬೇಕು.

ಲೆಕ್ಕದ_ಪುಸ್ತಕ

ಟೊರಾಂಟೊದವರೂ ಸಾಚಾ ಅಲ್ಲ. 2019ರಲ್ಲಿ ಮಾರ್ನರ್ ಒಪ್ಪಂದಕ್ಕೆ ಜಾಗ ಮಾಡೋಕೆ ಆಟ ನಿಲ್ಲಿಸಿದ್ದ ಡೇವಿಡ್ ಕ್ಲಾರ್ಕ್‌ಸನ್ ಕಾಂಟ್ರಾಕ್ಟನ್ನೇ ವೇಗಸ್‌ನಿಂದ ವಾಪಸ್ ತರಿಸಿಕೊಂಡೆವು. ಗಾಯಾಳು ಲೆಕ್ಕದಲ್ಲಿ ಹಾಕಿ ಮಿತಿ ಮೀರೋಕೆ.

ಉಲ್ಟಾ ಕಡೆ ಅರಿಜೋನ. ಕ್ಯಾಪ್‌ಗೆ ಕೆಳಮಿತಿಯೂ ಇದೆ, ಅಷ್ಟಾದರೂ ಖರ್ಚು ಮಾಡಲೇಬೇಕು. ಅದನ್ನು ಮುಟ್ಟೋಕೆ ಅವರು ಪ್ರಾಂಗರ್, ದತ್ಸ್ಯೂಕ್, ಹೊಸ್ಸ ಇವರ ಕಾಂಟ್ರಾಕ್ಟ್‌ಗಳನ್ನು ತಂದಿಟ್ಟುಕೊಂಡರು. ಮೂವರೂ ಅಲ್ಲಿ ಒಂದು ಪಂದ್ಯವೂ ಆಡಲಿಲ್ಲ. ಕಾಗದದ ಮೇಲೆ ಘನ ತಂಡ! ಕೊನೆಗೆ ವಿಶ್ವವಿದ್ಯಾಲಯದ 4,600 ಸೀಟಿನ ಅರೆನಾದಲ್ಲಿ ಆಡಿದರು. 2023ರಲ್ಲಿ ಹೊಸ ಅರೆನಾ ಬೇಡ ಅಂತ ಟೆಂಪಿ ಜನ ಮತ ಹಾಕಿದರು. ಮರುವರ್ಷ 1.2 ಬಿಲಿಯನ್‌ಗೆ ಯೂಟಾ ಪಾಲಾಯ್ತು. ವಿನಿಪೆಗ್‌ನಿಂದ ಹೋದ ತಂಡದ ಕಥೆ ಇದು.

ವಿನಿಪೆಗ್_ಚಳಿ

ನಮಗೆ ಖುಷಿಯೂ ಆಗಲ್ಲ, ದುಃಖವೂ ಆಗಲ್ಲ. ಸ್ವಲ್ಪ ಖುಷಿ.

ಪೊನ್ನಂಪೇಟೆ_ಸ್ಟಿಕ್

ಇಷ್ಟೆಲ್ಲ ಓದಿದ ಮೇಲೆ ನಮ್ಮ ಹಾಕಿ ಇಂಡಿಯಾ ಲೀಗ್ ನೆನಪಾಯ್ತು. ಅಲ್ಲೂ ಮಿತಿ ಇದೆ. 2024ರ ಹರಾಜಿನಲ್ಲಿ ಗಂಡಸರ ತಂಡಕ್ಕೆ 4 ಕೋಟಿ, ಹೆಂಗಸರ ತಂಡಕ್ಕೆ 2 ಕೋಟಿ. 24 ಜನರನ್ನು ಅಷ್ಟರಲ್ಲೇ ತಗೋಬೇಕು. ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ ಸೂರ್ಮಾ ಕ್ಲಬ್ 78 ಲಕ್ಷ ಕೊಟ್ಟಿತು.

ಗಂಡಸರದ್ದು ಎಂಟು ತಂಡ. ಕರ್ನಾಟಕದ್ದು ಒಂದೂ ಇಲ್ಲ! ರಾಷ್ಟ್ರೀಯ ಶಿಬಿರ ನಡೆಯೋದು ಬೆಂಗಳೂರಿನ ಸಾಯ್‌ನಲ್ಲಿ (ಭಾರತೀಯ ಕ್ರೀಡಾ ಪ್ರಾಧಿಕಾರ), ಆಟಗಾರರು ಹುಟ್ಟೋದು ಕೊಡಗಿನಲ್ಲಿ, ಮಾಲೀಕರು ಮಾತ್ರ ಇಲ್ಲ. ಹಿಂದಿನ ಲೀಗ್‌ನಲ್ಲೂ ಹಾಗೇ. ರಘುನಾಥ್ ಉತ್ತರ ಪ್ರದೇಶಕ್ಕೆ ಆಡಿದರು, ಸುನಿಲ್ ಪಂಜಾಬ್‌ಗೆ ಆಡಿದರು. ನಾವು ಇಲ್ಲಿ ಕೂತು ಯಾವ ತಂಡಕ್ಕೆ ಕೂಗೋದು? ನಮ್ಮ ಕೊಡವ ಹಾಕಿ ಹಬ್ಬಕ್ಕೆ 1997ರಿಂದ ಮಾಲೀಕರೂ ಬೇಡ, ಸಂಬಳವೂ ಬೇಡ. ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು (ಮನೆತನಗಳು) ತಂಡ ಇಳಿಸುತ್ತವೆ. ಆದರೆ ಅದರಿಂದ ಹುಡುಗರ ಹೊಟ್ಟೆ ತುಂಬಲ್ಲ, ಅದಕ್ಕೆ ಲೀಗೇ ಬೇಕು.

ಲೆಕ್ಕದ_ಪುಸ್ತಕ

4 ಕೋಟಿಯಲ್ಲಿ 78 ಲಕ್ಷ ಅಂದರೆ 19.5%. ಎನ್‌ಎಚ್‌ಎಲ್‌ನಲ್ಲಿ ಒಬ್ಬನಿಗೆ ಕ್ಯಾಪ್‌ನ 20% ಮೀರಿ ಕೊಡುವ ಹಾಗಿಲ್ಲ. ಕಪ್ರೀಜೋವ್ ಕೂಡ ಸಹಿ ಮಾಡಿದ ದಿನದ ಕ್ಯಾಪ್‌ಗೆ 18% ಹತ್ತಿರ ಅಷ್ಟೆ. ಮ್ಯಾಥ್ಯೂಸ್‌ನ ಈಗಿನ 13.25 ಮಿಲಿಯನ್ ಶುರುವಾದ ವರ್ಷ 15%. ಪಾಲಿನ ಲೆಕ್ಕದಲ್ಲಿ ನಿಮ್ಮ ಹರ್ಮನ್‌ಪ್ರೀತ್ ಇವರೆಲ್ಲರಿಗಿಂತ ದುಬಾರಿ.

ಪೊನ್ನಂಪೇಟೆ_ಸ್ಟಿಕ್

ಪೆನಾಲ್ಟಿ ಕಾರ್ನರ್ ಹೊಡೆಯೋದು ನೋಡಿದರೆ ಅದೂ ಕಡಿಮೆ ಅಂತೀರಿ.

ಡಲ್ಲಾಸ್_ದಾವಣಗೆರೆ

ಮೂಲ ಜಗಳಕ್ಕೆ ವಾಪಸ್ ಬರೋಣ. ಸ್ಕಾರ್ಬರೋ ಸರ್, ರಾಜರ್ಸ್‌ಗೆ ಗೆಲ್ಲುವ ಆಸೆಯೇ ಇಲ್ಲ ಅಂತೀರಿ. ಟೊರಾಂಟೊದ ಬೇಸ್‌ಬಾಲ್ ತಂಡ ಬ್ಲೂ ಜೇಸ್ ಕೂಡ ಅವರದ್ದೇ ಅಲ್ವಾ? 2025ರಲ್ಲಿ ಗೆರೆರೊಗೆ 14 ವರ್ಷ, 500 ಮಿಲಿಯನ್ ಕೊಟ್ಟರು. ವರ್ಲ್ಡ್ ಸೀರೀಸ್ ಏಳನೇ ಪಂದ್ಯದ ತನಕ ಹೋಗಿ ಡಾಡ್ಜರ್ಸ್ ಎದುರು ಸೋತರು. ಲಾಭವೊಂದೇ ನೋಡುವ ಕಂಪನಿ ಇಷ್ಟು ಚೆಲ್ಲುತ್ತಾ?

ಸ್ಕಾರ್ಬರೋ_ಶಿವಮೊಗ್ಗ

ಒಳ್ಳೆ ಏಟು ಕೊಟ್ರಿ. ಆದರೆ ನೋಡಿ, ಬೇಸ್‌ಬಾಲ್‌ನಲ್ಲಿ ಹಾರ್ಡ್ ಕ್ಯಾಪ್ ಇಲ್ಲ, ಮಿತಿ ದಾಟಿದರೆ ತೆರಿಗೆ ಕಟ್ಟಿದರಾಯ್ತು. ಅಲ್ಲಿ ಒಂದು ತಪ್ಪು ಮಾಡಿದರೆ ಇನ್ನೊಂದು ಚೆಕ್ ಬರೆದು ಮುಚ್ಚಬಹುದು. ಇಲ್ಲಿ ಆಗಲ್ಲ. ಮಾರ್ಲೊ ತಪ್ಪನ್ನು ಚೆಕ್‌ನಿಂದ ಸರಿಮಾಡೋಕೆ ಆಗಲಿಲ್ಲ, ಜಾರ್ವಿಸ್‌ನನ್ನು ಕೊಡಬೇಕಾಯ್ತು. ದುಡ್ಡಿರುವ ಮಾಲೀಕನಿಗೆ ಕ್ಯಾಪ್ ಇರುವ ಲೀಗ್‌ನಲ್ಲಿ ಬೇಕಿರೋದು ಒಳ್ಳೆ ಜಿಎಂ, ಅವರನ್ನು ಕಾಯುವ ತಾಳ್ಮೆ. ಲೀಫ್ಸ್ ಅಧ್ಯಕ್ಷರಾಗಿ ಶಾನಹನ್ ಹನ್ನೊಂದು ವರ್ಷ ಇದ್ದರು, ಗೆದ್ದಿದ್ದು ಎರಡು ಸರಣಿ. 2025ರ ಮೇ ತಿಂಗಳಲ್ಲಿ ಫ್ಲೋರಿಡಾ ಎದುರು ಏಳನೇ ಪಂದ್ಯವನ್ನು ನಮ್ಮ ಅರೆನಾದಲ್ಲೇ 6-1ರಿಂದ ಸೋತೆವು. ಐದನೇ ಪಂದ್ಯವೂ ಅಲ್ಲೇ 6-1. ಆಮೇಲೆ ಶಾನಹನ್‌ರನ್ನು ಬಿಟ್ಟರು, ಆ ಜಾಗಕ್ಕೆ ಆಗ ಯಾರನ್ನೂ ತರಲಿಲ್ಲ. ಹಾಕಿ ಗೊತ್ತಿರುವ ಒಬ್ಬರಿಗೆ ಪೂರ್ತಿ ಅಧಿಕಾರ ಕೊಡೋದು ಬಿಟ್ಟು ಎಂಎಲ್‌ಎಸ್‌ಇ ಸಿಇಒ ಕೀತ್ ಪೆಲಿ ನೇರವಾಗಿ ನೋಡಿಕೊಳ್ತಾರೆ ಅಂದರು.

ಲೆಕ್ಕದ_ಪುಸ್ತಕ

ನಡುವೆ ಒಬ್ಬರು ಕಡಿಮೆ ಆದರೆ ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ. ಜಿಎಂ ಆಗಿದ್ದ ಡ್ಯೂಬಸ್ ಹೊರಟ ರೀತಿ ನೆನಪಿಸಿಕೊಳ್ಳಿ. ಜಿಎಂ ಒಂದು ಕಡೆ, ಅಧ್ಯಕ್ಷರು ಇನ್ನೊಂದು ಕಡೆ ಎಳೆದರೆ ಹಾಗೇ ಆಗೋದು.

ಇನ್ನು ಮುಂದಿನ ಪರೀಕ್ಷೆ ಹೇಳುತ್ತೇನೆ. ಟವಾರೆಸ್ ಈಗ ವರ್ಷಕ್ಕೆ 4.38ಕ್ಕೆ ಇಳಿದಿದ್ದಾನೆ, ಮಾರ್ನರ್ ಇಲ್ಲ. ಕ್ಯಾಪ್ ಏರುತ್ತಿದೆ. ನೆಪ ಎಲ್ಲ ಮುಗಿಯಿತು. ಮ್ಯಾಥ್ಯೂಸ್ ಒಪ್ಪಂದ 2028ರ ತನಕ. 2027ರ ಜುಲೈ 1ರಿಂದ ಹೊಸದಕ್ಕೆ ಸಹಿ ಹಾಕಬಹುದು. ಆಗಿನ ಕ್ಯಾಪ್ 113.5, ಅದರ 20% ಅಂದರೆ 22.7 ಮಿಲಿಯನ್. ಅಷ್ಟು ಕೇಳಲ್ಲ ಅಂದುಕೊಳ್ಳೋಣ, 18 ಕೇಳಿದ ಅಂದುಕೊಳ್ಳಿ. ಅವನಿಗೆ ಆಗ 30 ವರ್ಷ ತುಂಬುತ್ತಿರುತ್ತೆ. ನೀವು ಮಾಲೀಕರಾದರೆ ಕೊಡ್ತೀರಾ?

ಸ್ಕಾರ್ಬರೋ_ಶಿವಮೊಗ್ಗ

ನಾಲ್ಕು ವರ್ಷಕ್ಕಾದರೆ ಕೊಡ್ತೀನಿ. ಏಳು ವರ್ಷಕ್ಕೆ ಇಲ್ಲ.

ವಿನಿಪೆಗ್_ಚಳಿ

ನಾಲ್ಕು ವರ್ಷಕ್ಕೆ ಅವನು ಒಪ್ಪಲ್ಲ. ಆಗ ನೀವೇ ಏಳು ಕೊಟ್ಟು, ಮತ್ತೆ ಇಲ್ಲಿಗೇ ಬಂದು ಮಾಲೀಕರನ್ನು ಬೈತೀರಿ.

ಕ್ಯಾಲ್ಗರಿ_ಕಾಪಿಪುಡಿ

ಕೊಡಿ, ಬಿಡಿ, ನಿಮ್ಮಿಷ್ಟ. ಆಮೇಲೆ ಆ ಕಾಂಟ್ರಾಕ್ಟ್ ತಗೊಳ್ಳಿ ಅಂತ ಕ್ಯಾಲ್ಗರಿಗೆ ಫೋನ್ ಮಾತ್ರ ಮಾಡಬೇಡಿ. ನಮ್ಮಲ್ಲಿ ಹ್ಯೂಬರ್ಡೊ 2031ರ ತನಕ ಇದ್ದಾನೆ.